ಮೂರಡಿ ಇಳಿದ ಸೇತುವೆ

ಮಾರ್ಚ್ ಹನ್ನೆರಡು, ಬೆಳಿಗ್ಗೆ 9.40. ನದಿ ದಂಡೆಯಲ್ಲಿ, ಸೇತುವೆಯ ಬುಡದಲ್ಲಿರುವ ಕೇರಿಯಿಂದ ಬಂದ ದರ್ಜಿ ಹೆಂಗಸಿನ ದೂರು ಬರೆದುಕೊಳ್ಳಲು ಹೊರಟ ಮುಖ್ಯಪೇದೆ ಆರೋಪಿಯ ಹೆಸರಿನ ಹತ್ತಿರವೇ ಸಿಕ್ಕಿಬಿದ್ದ.

“ಯಾರ ಮೇಲಮ್ಮ ಕಂಪ್ಲೇಂಟು?”

“ಸೇತುವೆ ಮೇಲೆ. ಮುಳುಗ್ತಾ ಇದೆ.”

“ಇನ್ನೂರು ವರ್ಷದಿಂದ ನಿಂತಿದೆಯಲ್ಲಮ್ಮ?”

“ನಿಂತು ನಿಂತು ಸಾಕಾಗಿರ್ಬೇಕು. ಕಂಬದ ಅಳತೆಪಟ್ಟಿಯಲ್ಲಿ ನೀರು ಹೋದ ವಾರ ನಾಲ್ಕಡಿ ಇತ್ತು, ಇವತ್ತು ಏಳು. ನಾನು ಬಟ್ಟೆ ಒಗೆಯೋ ಕಲ್ಲು ನೋಡಿದ್ರೆ ಒಣಗೇ ಇದೆ. ನೀರು ಏರಿಲ್ಲ ಅಂದ್ರೆ ಸೇತುವೆ ಇಳಿದಿದೆ ತಾನೇ ಅಣ್ಣಾ? ನಸುಕಲ್ಲಿ ಕಂಬದೊಳಗಿಂದ ಟಕ್ ಟಕ್ ಅಂತ ಸದ್ದು ಬೇರೆ.”

ನಗುತ್ತಲೇ ಹೊರಟ ಇನ್‌ಸ್ಪೆಕ್ಟರಿಗೆ 11.15ಕ್ಕೆ ಸ್ಥಳ ತಲುಪಿದಾಗ ನಗು ಬರಲಿಲ್ಲ. ಕೇರಿಯ ಒಂಬತ್ತು ಮನೆಗಳಿಗೂ ಬೀಗ. ಜನರೆಲ್ಲ ದಿಬ್ಬದ ಮೇಲಿನ ಶಾಲೆ ಸೇರಿದ್ದರು. ಕಿಟಕಿಯೊಳಗೆ, ಹೊಲಿಗೆ ಯಂತ್ರದ ಸೂಜಿಯಡಿ ಒಂದು ರವಿಕೆಯ ತೋಳು ಅರ್ಧಕ್ಕೇ ನಿಂತಿತ್ತು. ನಾಯಿಗಳೂ ಇರಲಿಲ್ಲ. ಸೇತುವೆಯ ನಡುವೆ ಪೇದೆ ಬೂಟುಗಾಲನ್ನು ಎತ್ತಿ ಎತ್ತಿ ಇಡತೊಡಗಿದ.

“ಸಾರ್, ಕಾಲ ಕೆಳಗೆ ನೆಲ ಇಳಿದ ಹಾಗಾಗ್ತಿದೆ.”

“ನನಗೂ. ಅಳೆಯೋಣ, ಹಗ್ಗ ಬಿಡು.”

ನಕಾಶೆಯ ಪ್ರಕಾರ ಸೇತುವೆಯ ಅಂಚುಗೋಡೆಯಿಂದ ಪಟ್ಟಿಯ ಸೊನ್ನೆಗೆ ಮೂವತ್ತೈದಡಿ. ಹಗ್ಗ ಮೂವತ್ತೊಂದಕ್ಕೇ ನೀರು ಮುಟ್ಟಿತು. ಅಂದರೆ ನೀರು ನಾಲ್ಕೇ ಅಡಿ. ಸೇತುವೆಯೂ ಇದ್ದಲ್ಲೇ ಇತ್ತು, ನೀರೂ ಇದ್ದಲ್ಲೇ ಇತ್ತು, ಇಳಿದದ್ದು ಪಟ್ಟಿ.

ದೋಣಿಯಲ್ಲಿ ಹೋಗಿ ಪಂಚನಾಮೆ ಮಾಡಿದರು. ಪಟ್ಟಿಯ ಈಗಿನ ತಿರುಪುಗಳಿಂದ ಮೂರಡಿ ಮೇಲೆ ಎರಡು ಹಳೆಯ ತಿರುಪಿನ ತೂತುಗಳು. ಸಾಬೂನು ಮೆತ್ತಿ ಕಲ್ಲಿನ ಪುಡಿ ಬಳಿಯಲಾಗಿತ್ತು. ತೂತಿನ ಆಳ ನೋಡಲು ಪೇದೆ ತೂರಿಸಿದ ಪೆನ್ಸಿಲ್ ಒಳಗೇ ಹೋಯಿತು; ಅದನ್ನೂ ದಾಖಲಿಸಲಾಯಿತು.

ಅದೇ ದಿನ ಎಫ್‌ಐಆರ್ ಆಯಿತು. ಆ ತಿರುಪುಗಳನ್ನು ಬಿಚ್ಚಲು ವಿಶೇಷ ಕೀಲಿಯೇ ಬೇಕು. ಅದಿರುವುದು ದಿನಾ ನೀರಿನ ಮಟ್ಟ ಓದಿ ಬರೆಯುವ ನೌಕರನೊಬ್ಬನ ಬಳಿ ಮಾತ್ರ. ಇದನ್ನು ನೀರಾವರಿ ಇಲಾಖೆ ಲಿಖಿತವಾಗಿ ತಿಳಿಸಲು ಮೂರು ದಿನ ಹಿಡಿಯಿತು. ಇಲಾಖೆಯ ಮಟ್ಟಿಗೆ ಅದು ಓಟವೇ.

ಹದಿನೈದರ ಮಧ್ಯಾಹ್ನ 3.10. ಸೇತುವೆಯ ಪಕ್ಕದ ಕೋಣೆಯಲ್ಲಿ ಆತ ಗಾಢ ನಿದ್ದೆಯಲ್ಲಿದ್ದ. ಅಲುಗಾಡಿಸಿ ಎಬ್ಬಿಸಬೇಕಾಯಿತು.

“ಪಟ್ಟಿ ಇಳಿಸಿದ್ದು ನೀನೇನಾ?”

“ಹೌದು ಸಾರ್.”

“ಯಾರು ಹೇಳಿದ್ದು?”

“ಯಾರೂ ಇಲ್ಲ.”

“ಮತ್ಯಾಕೆ?”

“ಹದಿನಾಲ್ಕು ವರ್ಷದ ಹಿಂದೆ ನೆರೆ ಬಂತಲ್ಲ, ಆವತ್ತು ಸರಿಯಾಗೇ ಓದಿದ್ದೆ. ಹದಿನೇಳೂವರೆ. ಹದಿನೆಂಟಾಗದೆ ಸೈರನ್ ಒತ್ತಬಾರದು ಅಂತ ಆದೇಶ. ಇನ್ನರ್ಧ ಅಡಿಗೆ ಕಾದೆ. ಅದು ಒಂದೇ ಸಲಕ್ಕೆ ಬಂತು. ಹನ್ನೊಂದು ಜನ ಹೋದ್ರು. ಅದರಲ್ಲಿ ನನ್ನ ತಂಗಿಯೂ ಒಬ್ಬಳು.” ಆತ ಕಣ್ಣುಜ್ಜಿಕೊಂಡ. “ಇಲ್ಲಿಂದ ಎದ್ದು ಹೋಗಿ ಅಂತ ಕೇರಿಯವರಿಗೆ ಎಷ್ಟು ಸಲ ಹೇಳಿದೀನಿ. ಕೇಳಲಿಲ್ಲ. ನೀರು ಏರಿದ ಹಾಗೆ ಕಂಡ್ರಾದ್ರೂ ಹೆದರಿ ಹೋಗ್ತಾರೆ ಅಂತ ಪಟ್ಟಿ ಇಳಿಸಿದೆ. ಈಗ ಮನೆಗಳು ಖಾಲಿ. ನಾಲ್ಕು ದಿನದಿಂದ ನಿದ್ದೆ ಮಾಡ್ತಿದೀನಿ ಸಾರ್.”

ಇನ್‌ಸ್ಪೆಕ್ಟರ್ ಕೊನೆಯ ವಾಕ್ಯವನ್ನೂ ಹೇಳಿಕೆಯಲ್ಲಿ ಸೇರಿಸಿದ. ಯಾವ ಕಲಮಿಗೂ ಅದು ಬೇಕಿರಲಿಲ್ಲ.

4.30ಕ್ಕೆ ಜೀಪು ಸೇತುವೆ ಹತ್ತಿತು. ಸುದ್ದಿ ಅರ್ಧ ಮುಟ್ಟಿದ್ದ ಜನ ಹಾಸಿಗೆ, ಪಾತ್ರೆ ಹೊತ್ತು ಎದುರಿನಿಂದ ಮನೆಗೆ ಮರಳುತ್ತಿದ್ದರು. ದರ್ಜಿ ಹೆಂಗಸು ಜೀಪಿನೊಳಗೆ ಇಣುಕಿ, ಹಿಂದೆ ಕೂತಿದ್ದ ನೌಕರನನ್ನು ಕಂಡಳು.

“ನೀನೂ ಬಂದ್ಯಾ ಅಣ್ಣಾ? ಸೇತುವೆ ಗಟ್ಟಿಯಿದೆಯಂತೆ! ಇನ್ನು ಹೆದರಿಕೆ ಇಲ್ಲ.”

ಆತ ಅವಳ ಹಿಂದೆ ಬರುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಎಣಿಸತೊಡಗಿದ.