ಸ್ಕ್ರಿಪ್ಟ್‌ನಲ್ಲಿ ಇಲ್ಲದ ಮಾತು

"ಕಟ್! ಕಟ್! ಕಟ್!"

ಕೂಗಿದ್ದು ನಿರ್ದೇಶಕರಲ್ಲ, ನಾಯಕಿ!

ಇಡೀ ಸೆಟ್ಟು ಗಪ್‌ಚಿಪ್ಪಾಯಿತು. ಕೆನ್ನೆಯ ಮೇಲೆ ಗ್ಲಿಸರಿನ್ ಕಣ್ಣೀರು ಹರಿಯುತ್ತಿದ್ದರೂ ಅವಳ ಕಣ್ಣಲ್ಲಿ ಬೆಂಕಿಯಿತ್ತು. ಕ್ಯಾಮೆರಾದ ಪಕ್ಕದಲ್ಲಿ ಹಾಳೆಗಳನ್ನು ಹಿಡಿದು ನಿಂತಿದ್ದ ಹೊಸಬನತ್ತ ಬೆರಳು ತೋರಿಸಿದಳು.

"ರೀ, ನಿಮ್ಮನ್ನೇ! ಇಲ್ಲಿ ಅಳಬೇಕಾಗಿರೋದು ನಾನಾ, ನೀವಾ?"

ಹೊಸಬ ತಬ್ಬಿಬ್ಬಾದ. "ಇಲ್ಲ ಮೇಡಂ... ದುಃಖದ ಸೀನು... ಅದಕ್ಕೇ ಸ್ವಲ್ಪ..."

"ಸ್ವಲ್ಪಾನಾ? ನಿಮ್ಮ ದನಿ ನಡುಗೋದು ಕೇಳಿ ನಂಗೆ ನಗು ಬರ್ತಿದೆ! ನೀವು ಬರೀ ಮಾತು ಹೇಳಿ. ಫೀಲಿಂಗ್ ನಂಗೆ ಬಿಡಿ."

ಅವನ ಕಿವಿಗಳು ಕೆಂಪಾದವು. ಅಂದಿನಿಂದ ಅವನು ಅವಳಿಗೆ ಎಂಥ ಮಾತನ್ನು ಓದಿದರೂ, ಸಾವಿನ ಸುದ್ದಿಯಾಗಲಿ, ಸರಸವಾಗಲಿ, ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಹೊತ್ತು ಹೇಳುವವರ ಹಾಗೆ ಓದತೊಡಗಿದ.

ಇವನ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಧಾರಾವಾಹಿಯವರಿಗೆ ಸಂಭಾಷಣೆ ಬಾಯಿಪಾಠ ಮಾಡಲು ಪುರುಸೊತ್ತೆಲ್ಲಿ? ಕ್ಯಾಮೆರಾ ಪಕ್ಕ ಒಬ್ಬರು ನಿಂತು ಒಂದೊಂದೇ ಸಾಲು ಓದುತ್ತಾರೆ, ನಟನಟಿಯರು ಕೇಳಿಸಿಕೊಂಡು ಅದನ್ನೇ ಅಭಿನಯಿಸಿ ಹೇಳುತ್ತಾರೆ. ಓದುವವರ ದನಿಯನ್ನು ಆಮೇಲೆ ಅಳಿಸಿಹಾಕುತ್ತಾರೆ. ಅವರಿಗೆ ಪ್ರಾಂಪ್ಟರ್ ಅಂತ ಹೆಸರು. ಇವನಿಗೆ ಮಾತ್ರ ಸೆಟ್ಟಿನವರೆಲ್ಲ ಸೇರಿ 'ಡಿಕ್ಟೇಷನ್ ಮೇಷ್ಟ್ರು' ಅಂತ ಹೆಸರಿಟ್ಟರು.

ಅವಳಿಗೂ ಸ್ವಂತ ಹೆಸರು ಉಳಿದಿರಲಿಲ್ಲ. ಒಂದೂ ಮಾತಿಲ್ಲದೆ ಟ್ರೇ ಹಿಡಿದು ಬಂದು ಹೋಗುವ ಪಾತ್ರದಿಂದ ಶುರುಮಾಡಿದವಳು ಈಗ ಮನೆಮನೆಯ 'ಸೊಸೆ'. ತರಕಾರಿ ಅಂಗಡಿಯಲ್ಲಿ ಹೆಂಗಸರು ಕೈ ಹಿಡಿದು, "ನಿಮ್ಮತ್ತೇನ ಸುಮ್ನೆ ಬಿಡ್ಬೇಡ ಕಣಮ್ಮ!" ಎಂದು ಕಣ್ಣೀರು ಹಾಕುತ್ತಿದ್ದರು. ಆ ಅತ್ತೆಯೋ, ಕ್ಯಾಮೆರಾ ಆಫ್ ಆದ ಕೂಡಲೇ ಇವಳಿಗೆ ಕಿತ್ತಳೆ ಸುಲಿದು ಬಾಯಿಗಿಡುವ ಸಾಧ್ವಿ!

ವರ್ಷಗಳು ಹೀಗೇ ಕಳೆದವು. ಮೇಷ್ಟ್ರು ಹೇಳುವುದು, ಸೊಸೆ ಹೇಳುವುದು. ಈ ಅಭ್ಯಾಸ ಎಷ್ಟು ಗಟ್ಟಿಯಾಯಿತೆಂದರೆ, ಒಮ್ಮೆ ಶಾಟ್‌ಗೆ ಕಾಯುತ್ತಿದ್ದಾಗ ಅವನು, "ಕಾಫಿ ಆರಿಹೋಗ್ತಿದೆ" ಅಂದ. ಅವಳು ತಟ್ಟನೆ ಎದೆಗೆ ಕೈಯಿಟ್ಟು, ಕಣ್ಣು ತುಂಬಿಕೊಂಡು, "ಕಾಫಿ... ಆರಿಹೋಗ್ತಿದೆ!" ಅಂದುಬಿಟ್ಟಳು. ಸೆಟ್ಟಿನವರೆಲ್ಲ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು.

ಮನೆಗೆ ಹೋದ ಮೇಲೆ ಮಾತ್ರ ನಗು ಬರಲಿಲ್ಲ.

'ಯಾರೋ ಹೇಳಿಕೊಟ್ಟಿದ್ದನ್ನ ಬಿಟ್ಟು ನಂಗೆ ನನ್ನದು ಅಂತ ಒಂದು ಮಾತಾದರೂ ಬರುತ್ತಾ?'

ಅಮ್ಮ ಮದುವೆಯ ಮಾತೆತ್ತಿದರೂ ಅವಳದು ಒಂದೇ ಉತ್ತರ. "ನೀನೇ ಹೇಳಮ್ಮ."

"ನಾನೇನೇ ಹೇಳೋದು? ಸಂಸಾರ ಮಾಡೋಳು ನಾನಾ?" ಅಂತ ಅಮ್ಮ ರೇಗುತ್ತಿದ್ದಳು.

ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲವೇ? ಗೊತ್ತಿತ್ತು! ಶಾಟ್ ಮಧ್ಯೆ ಫ್ಯಾನ್ ಅವಳ ಕಡೆಗೆ ತಿರುಗಿಸುವ ಕೈ ಯಾರದೆಂದು ಗೊತ್ತಿತ್ತು. ಗಂಟಲು ಕಟ್ಟಿದ ದಿನ ಉದ್ದದ ಸಾಲುಗಳನ್ನು ಚಿಕ್ಕಚಿಕ್ಕದಾಗಿ ಮುರಿದು ಓದುತ್ತಿದ್ದವರು ಯಾರೆಂದೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳಲು ಮಾತ್ರ ಸಾಲು ಸಿಗುತ್ತಿರಲಿಲ್ಲ.

ಒಂದು ದಿನ ಸುದ್ದಿ ಬಂತು. ಧಾರಾವಾಹಿ ಮುಗಿಯುತ್ತಿದೆ. ಗಂಡ ಹೆಂಡತಿ ಒಂದಾಗುವ ಕೊನೆಯ ಕಂತುಗಳು. ಅವಳಿಗೆ ಹೊಸ ಧಾರಾವಾಹಿ ಸಿಕ್ಕಿತ್ತು, ಅಲ್ಲಿ ಪ್ರಾಂಪ್ಟರ್ ಬೇರೆಯವರು. ಅವನನ್ನು ಇನ್ನೊಂದು ಊರಿನ ಸ್ಟುಡಿಯೋದವರು ಕರೆಯುತ್ತಿದ್ದರು.

ಅಂದು ಬೆಳಿಗ್ಗೆ ಮೇಕಪ್ ರೂಮಿನಲ್ಲಿ ಅವಳೊಬ್ಬಳೇ ಇದ್ದಳು. ಕನ್ನಡಿ ನೋಡುತ್ತ ಕಿವಿಯೋಲೆ ಹಾಕಿಕೊಳ್ಳುತ್ತಿದ್ದಾಗ ಅವನು ಒಳಗೆ ಬಂದ. ಕೈಯಲ್ಲಿ ಎಂದಿನಂತೆ ಹಾಳೆಗಳು. ಅಂದಿನ ಸೀನ್ ಓದಿ ಹೇಳಿದ, ಅವಳು ಹೇಳಿದಳು. ಓದುವುದು ಮುಗಿದರೂ ಅವನು ಹೋಗಲಿಲ್ಲ. ಹಾಳೆಗಳನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ನಿಮ್ಮ ಪಕ್ಕದಲ್ಲೇ ಇದ್ದು ಅಭ್ಯಾಸ ಆಗ್ಹೋಗಿದೆ. ಇನ್ಮುಂದೆಯೂ ಪಕ್ಕದಲ್ಲೇ ಇರಬೇಕು ಅನ್ಸುತ್ತೆ. ಇರಲಾ?"

ಅವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು ಪಾಪ! ಆದರೆ ದನಿ? ಅವಳು ಕಲಿಸಿದ್ದ ಅದೇ ಬಸ್ ಸ್ಟ್ಯಾಂಡಿನ ದನಿ...

ಕಿವಿಯೋಲೆಯ ತಿರುಪಿನ ಮೇಲೇ ಗಮನವಿದ್ದ ಅವಳು ತಿರುಗದೆಯೇ, ಅಷ್ಟೂ ಭಾವ ತುಂಬಿ ಹೇಳಿದಳು. "ನಿಮ್ಮ ಪಕ್ಕದಲ್ಲೇ ಇದ್ದು ಅಭ್ಯಾಸ ಆಗ್ಹೋಗಿದೆ... ಇನ್ಮುಂದೆಯೂ ಪಕ್ಕದಲ್ಲೇ ಇರಬೇಕು ಅನ್ಸುತ್ತೆ... ಇರಲಾ? ಹ್ಞಾಂ, ಮುಂದಿನದು ಹೇಳಿ ಮೇಷ್ಟ್ರೇ."

ಅವನು ಮಡಚಿದ ಹಾಳೆಗಳನ್ನು ಜೇಬಿಗೆ ತುರುಕಿಕೊಂಡ.

"ಮುಂದೇನೂ ಇಲ್ಲ ಮೇಡಂ. ಅಷ್ಟೇ."

'ಮೇಷ್ಟ್ರಿಗೆ ಇವತ್ತು ಏನೋ ಆಗಿದೆ' ಅಂದುಕೊಂಡಳು. ಅವನು ಬಾಗಿಲು ಮುಂದೆ ಮಾಡಿಕೊಂಡು ಹೋದ.

ಅನಾಹುತ ಅಷ್ಟಕ್ಕೇ ನಿಲ್ಲಲಿಲ್ಲ. ಮಧ್ಯಾಹ್ನ ಶಾಟ್‌ನಲ್ಲಿ ಅವನು ಕೊನೆಯ ಸಾಲು ಓದಿ ಸುಮ್ಮನಾದ. 'ಅಯ್ಯೋ, ಬೆಳಿಗ್ಗೆ ಹೇಳಿಕೊಟ್ಟ ಸಾಲು ಮರೆತೇಬಿಟ್ಟಿದ್ದಾರೆ' ಎಂದುಕೊಂಡ ಅವಳು, ಅವನ ಮಾನ ಉಳಿಸುವ ಉತ್ಸಾಹದಲ್ಲಿ, ತೆರೆಯ ಗಂಡನ ಕಣ್ಣಲ್ಲಿ ಕಣ್ಣಿಟ್ಟು ಆ ಮಾತನ್ನು ಹೇಳಿಯೇಬಿಟ್ಟಳು.

"ಇನ್ಮುಂದೆಯೂ ಪಕ್ಕದಲ್ಲೇ ಇರಬೇಕು ಅನ್ಸುತ್ತೆ... ಇರಲಾ?"

"ಕಟ್! ಅದ್ಭುತ!" ನಿರ್ದೇಶಕರು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು.

ಅವಳು ಹೆಮ್ಮೆಯಿಂದ ಕ್ಯಾಮೆರಾದ ಪಕ್ಕಕ್ಕೆ ನೋಡಿದಳು. ಅವನು ನೆಲ ನೋಡುತ್ತಿದ್ದ.

'ನನ್ನ ಮಾತನ್ನ ಎಲ್ಲರ ಮುಂದೆ ಡೈಲಾಗ್ ಮಾಡಿ ತೋರಿಸಿದ್ರು. ಇದಕ್ಕಿಂತ ಮರ್ಯಾದೆಯಾಗಿ ಇಲ್ಲ ಅನ್ನೋಕೆ ಯಾರಿಗೆ ಬರುತ್ತೆ?' ಅಂತ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಂಜೆ ಮ್ಯಾನೇಜರ್ ಬಳಿ ಹೋಗಿ, ಇನ್ನೊಂದು ಊರಿನ ಕೆಲಸ ಒಪ್ಪಿಕೊಂಡಿದ್ದೇನೆ, ಇಲ್ಲಿಗೆ ಬೇರೆಯವರನ್ನು ನೋಡಿಕೊಳ್ಳಿ ಅಂದ.

ಮರುದಿನದಿಂದ ಅವನ ಜಾಗದಲ್ಲಿ ಬೇರೊಬ್ಬರು. ಪಾಪ, ಒಳ್ಳೆಯ ಮನುಷ್ಯರೇ. ಆದರೆ ಅವರು ಓದಿದ ಒಂದು ಸಾಲೂ ಅವಳ ಬಾಯಿಗೆ ಹತ್ತಲಿಲ್ಲ. ಟೇಕ್ ಮೇಲೆ ಟೇಕ್. ಫ್ಯಾನು ಗೋಡೆಗೆ ಗಾಳಿ ಬೀಸುತ್ತ ನಿಂತಿತ್ತು.

'ಹೇಳದೆ ಕೇಳದೆ ಹೋಗಿಬಿಟ್ರಲ್ಲ! ಒಂದು ಮಾತು... ಒಂದೇ ಒಂದು ಮಾತು ಹೇಳಬಾರದಿತ್ತಾ?' ಅಂತ ಅವಳಿಗೆ ಅಳು ಬಂತು. ಹೇಳಿಯೇ ಹೋಗಿದ್ದಾನೆ ತಾಯಿ! ಕೇಳಿಸಿಕೊಳ್ಳದವಳು ನೀನು.

ಕೊನೆಯ ದಿನದ ಚಿತ್ರೀಕರಣ ಮಧ್ಯಾಹ್ನಕ್ಕೇ ಮುಗಿಯಿತು. ಎಲ್ಲರೂ ಸೇರಿ ಫೋಟೋ ತೆಗೆಸಿಕೊಳ್ಳುವುದಿತ್ತು. ಅದಕ್ಕೆಂದೇ ಸಂಭಾಷಣೆ ಬರೆಯುವವರೂ ಬಂದಿದ್ದರು. ನಿರ್ದೇಶಕರು ಗದರಿಸಿ ಕರೆಸಿದ್ದಕ್ಕೆ ಮೇಷ್ಟ್ರೂ ಬಂದಿದ್ದ. ದೂರದಲ್ಲಿ, ಸೆಟ್ಟಿನ ಮಹಡಿ ಮೆಟ್ಟಿಲ ಮೇಲೆ ಕೂತಿದ್ದ. ಆ ಮನೆಗೆ ಮೆಟ್ಟಿಲಿತ್ತೇ ಹೊರತು ಮಹಡಿ ಇರಲಿಲ್ಲ.

ಬರೆಯುವವರು ಸೊಸೆಯ ಬಳಿ ಬಂದು ನಕ್ಕರು. "ಅಲ್ಲಮ್ಮ, ಆ 'ಇರಲಾ' ಸಾಲು ಯಾರು ಹಾಕಿದ್ದು? ಎಲ್ಲರೂ ನನ್ನ ಬೆನ್ನು ತಟ್ತಿದ್ದಾರೆ. ನಾನು ಬರೆದೇ ಇಲ್ಲ!"

"ಅದು... ಮೇಷ್ಟ್ರು ಹೇಳಿಕೊಟ್ಟಿದ್ದು ಸರ್. ಮೇಕಪ್ ರೂಮಲ್ಲಿ..."

ಮಾತು ಅಲ್ಲಿಗೇ ನಿಂತಿತು. ಬರೆಯುವವರು ಬರೆದಿಲ್ಲ. ಹಾಗಾದರೆ... ಹಾಗಾದರೆ ಅದು ಯಾರ ಮಾತು? ಯಾರಿಗೆ ಹೇಳಿದ ಮಾತು?

ಅವಳ ಕಣ್ಣು ಮೆಟ್ಟಿಲಿನತ್ತ ತಿರುಗಿತು.

ಪಕ್ಕದಲ್ಲೇ ಕೂತು ಕಿತ್ತಳೆ ಸುಲಿಯುತ್ತಿದ್ದ ಅತ್ತೆ ಅವಳ ಮುಖ ನೋಡಿದವರೇ ಎಲ್ಲ ಅರ್ಥಮಾಡಿಕೊಂಡರು. "ಅಯ್ಯೋ ಪೆದ್ದು ಸೊಸೇ! ಇನ್ನೂ ಇಲ್ಲೇ ನಿಂತಿದ್ದೀಯಲ್ಲೇ, ಹೋಗೇ!"

ಅವಳು ಸೆರಗು ಎತ್ತಿ ಹಿಡಿದು ಓಡಿದಳು. ಸುತ್ತ ಕೆಲಸದವರು ಪ್ಲೈವುಡ್ ಗೋಡೆಗಳ ಮೊಳೆ ಕೀಳುತ್ತಿದ್ದರು. ಅವಳು ವರ್ಷಗಟ್ಟಲೆ ಅತ್ತ ಅಡುಗೆಮನೆ ಆಗಲೇ ಮಾಯವಾಗಿತ್ತು.

ಅವನು ಎದ್ದು ನಿಂತ. "ಏನಾಯ್ತು ಮೇಡಂ?"

ಬಾಯಿ ತೆರೆದಳು. ಒಂದು ಸಾಲೂ ಬರಲಿಲ್ಲ. ಅಭ್ಯಾಸಬಲದಿಂದ ಅವನ ಮುಖವನ್ನೇ ನೋಡಿದಳು.

"ಏನು, ಮರೆತುಹೋಯ್ತಾ? ನಾನು ಹೇಳಿಕೊಡ್ಲಾ?" ಅವನು ಮೆಲ್ಲಗೆ ಕೇಳಿದ.

"ಬೇಡ! ಇವತ್ತು ಹೇಳಿಕೊಡ್ಬೇಡಿ. ತಪ್ಪಾದ್ರೂ ನಾನೇ ಹೇಳ್ತೀನಿ." ಉಸಿರು ಎಳೆದುಕೊಂಡಳು. "ಆ ಇನ್ನೊಬ್ರು ಓದಿದ್ರೆ ನಂಗೆ ಮಾತೇ ಬರಲ್ಲ. ಫ್ಯಾನು... ಫ್ಯಾನೂ ಸರಿಯಿಲ್ಲ. ಛೆ, ಇದಲ್ಲ! ತಡೀರಿ, ಮೊದಲಿಂದ ಹೇಳ್ತೀನಿ."

"ಇನ್ನೊಂದು ಟೇಕಾ?"

"ನಗಬೇಡಿ ಮೇಷ್ಟ್ರೇ! ಅವತ್ತು... ಅವತ್ತು ನಾನು ಅದನ್ನ ಸೀನು ಅಂದ್ಕೊಂಡೆ. ನೀವು ನನ್ನನ್ನ ಕೇಳ್ತಿದ್ದೀರ ಅಂತ ಗೊತ್ತಾಗ್ಲಿಲ್ಲ. ಗೊತ್ತಾಗಿದ್ರೆ ಆ ಮಾತನ್ನ ಬೇರೆ ಯಾರಿಗೂ ಹೇಳ್ತಿರ್ಲಿಲ್ಲ. ನಂಗೆ... ನಂಗೆ ನೀವು ಬೇಕು."

ಗ್ಲಿಸರಿನ್ ಹಾಕಿದರೆ ಕಣ್ಣಷ್ಟೇ ಸೋರುತ್ತದೆ. ಈಗ ಅವಳ ಮೂಗೂ ಸೋರುತ್ತಿತ್ತು. ಅವನು ಕರವಸ್ತ್ರ ಕೊಟ್ಟ. ಅವನ ಕಿವಿಗಳು ಮೊದಲ ದಿನದ ಹಾಗೆಯೇ ಕೆಂಪಾಗಿದ್ದವು.

"ಈ ಡೈಲಾಗ್ ಯಾರು ಬರೆದಿದ್ದು?" ಅಂದ.

"ನಂದೇ." ಮೂಗು ಒರೆಸಿಕೊಂಡಳು. "ಚೆನ್ನಾಗಿಲ್ವಾ?"

"ಫ್ಯಾನಿನ ವಿಷಯ ಒಂದು ಬಿಟ್ಟು... ತುಂಬಾ ಚೆನ್ನಾಗಿದೆ."

ಅವಳು ಮೆಟ್ಟಿಲ ಮೇಲೆ ಕೂತಳು. ಪಕ್ಕದಲ್ಲಿ ಜಾಗ ಬಿಟ್ಟಳು. ಅವನು ಕೂತ.

"ಮೇಷ್ಟ್ರೇ... ಇನ್ನೊಂದ್ಸಲ ಕೇಳಿ. ಫೀಲಿಂಗ್ ಹಾಕಿ ಕೇಳಿ."

"ಫೀಲಿಂಗ್ ನಿಮಗೆ ಬಿಡ್ಬೇಕು ಅಂದಿದ್ರಲ್ಲ?"

"ಸ್ವಲ್ಪ ನೀವೂ ಇಟ್ಕೊಳ್ಳಿ."

ಅವನು ಕೇಳಿದ. ದನಿ ನಡುಗಿತು. "...ಇರಲಾ?"

ಈ ಸಲ ಅವಳಿಗೆ ನಗು ಬರಲಿಲ್ಲ. ಅವನ ಮಾತನ್ನು ತಿರುಗಿ ಹೇಳಲೂ ಇಲ್ಲ.

"ಹ್ಞೂಂ. ಇರಿ," ಅಂದಳು.