ಚಪ್ಪಟೆ ಮಗ್ಗುಲಿನ ಸುರುಳಿ

ಫೆಬ್ರವರಿ ಹದಿನೇಳು, ಸೋಮವಾರ, ಮಧ್ಯಾಹ್ನ ಮೂರು ಹತ್ತು. ಸಾಂತಾ ಬ್ರಿಜಿದಾ ಊರಿನ ಪೊಲೀಸ್ ಠಾಣೆಯ ಮೇಜಿನ ಮೇಲೆ ವಿಲ್ಫ್ರೆಡೊ ರಗ್‌ಸಾಕ್ ತನ್ನ ಕಳುವಾದ ವಸ್ತುವನ್ನು ತಂದಿಟ್ಟ. ವಯಸ್ಸು ಐವತ್ತೊಂದು. ಮೋಟರ್‌ಬೈಕಿಗೆ ಪಕ್ಕದ ಗಾಡಿ ಕಟ್ಟಿದ ಟ್ರೈಸಿಕಲ್ ಓಡಿಸುವುದು ಕಸುಬು.

"ಕಳುವಾಗಿದೆ ಅಂತೀರಿ, ಇಲ್ಲೇ ಇದೆಯಲ್ಲ ಮಾನೊಂಗ್?" ಎಂದ ಕಾನ್‌ಸ್ಟೇಬಲ್ ಬತಿನ್. ತನಗಿಂತ ಹಿರಿಯರನ್ನು ಮಾನೊಂಗ್, ಅಣ್ಣ ಎಂದೇ ಕರೆಯುವ ಊರು ಅದು. ಪೊಲೀಸರೂ ಅದಕ್ಕೆ ಹೊರತಲ್ಲ.

"ನಿನ್ನೆ ಹೋಯ್ತು. ಇವತ್ತು ಬಂತು."

"ಬಂದ ಮೇಲೆ ಇನ್ನೇನು ದೂರು?"

"ಹೊರಗಿಂದು ನಂದು. ಒಳಗಿಂದು ನಂದಲ್ಲ. ಬ್ಯಾಟರಿಯಂತೂ ಇಲ್ಲವೇ ಇಲ್ಲ."

ಒಳಕೋಣೆಯಲ್ಲಿ ಅಕ್ಕಿ ಕಡಬು ತಿನ್ನುತ್ತಿದ್ದ ಇನ್‌ಸ್ಪೆಕ್ಟರ್ ಲಿಯೊನೋರಾ ಕಬಾನಿಲ್ಯ ಕೈ ಒರೆಸಿಕೊಂಡು ಹೊರಗೆ ಬಂದಳು. ಮೇಜಿನ ಮೇಲಿದ್ದದ್ದು ಬ್ಯಾಟರಿಯಲ್ಲಿ ಸೇದುವ ಇ-ಸಿಗರೇಟು, ಅಂಗೈ ಉದ್ದದ ಹಿತ್ತಾಳೆ ಕೊಳವೆ. ಅದರ ತಲೆಯ ಮೇಲೆ ಬೆಳ್ಳಗೆ ಹೊಳೆಯುವ ಉಕ್ಕಿನ ಡ್ರಿಪ್ಪರ್. ಟೋಪಿ ಬಿಚ್ಚಿದರೆ ಒಳಗೆ ಎರಡು ಸಣ್ಣ ಕಂಬ, ಕಂಬಗಳ ನಡುವೆ ತಂತಿಯ ಸುರುಳಿ, ಸುರುಳಿಯೊಳಗೆ ತೂರಿಸಿದ ಹತ್ತಿಯ ಬತ್ತಿ. ಬತ್ತಿಗೆ ನಿಕೋಟಿನ್ ರಸವನ್ನು ತೊಟ್ಟು ತೊಟ್ಟಾಗಿ ಬಿಡಬೇಕು, ನಾಲ್ಕು ದಮ್ಮು ಎಳೆಯಬೇಕು, ಮತ್ತೆ ಬಿಡಬೇಕು. ತಂತಿ ಸುತ್ತುವುದೂ ಹತ್ತಿ ಕೂರಿಸುವುದೂ ಸೇದುವವನದೇ ಕೆಲಸ. ಬತಿನ್ ತಾನೂ ಒಂದನ್ನು ಇಟ್ಟುಕೊಂಡವನು.

"ಇದರೊಳಗೆ ತಡೆಯೋಕೆ ಅಂತ ಏನೂ ಇಲ್ಲ ಮೇಡಂ," ಎಂದು ವಿವರಿಸಿದ. "ಗುಂಡಿ ಒತ್ತಿದ್ರೆ ಬ್ಯಾಟರಿ ಕೊಟ್ಟಷ್ಟೂ ನೇರ ತಂತಿಗೆ. ಸುತ್ತು ಕಮ್ಮಿ ಆದಷ್ಟೂ ಹೊಗೆ ದಪ್ಪ. ಬ್ಯಾಟರಿಗೆ ಮಾತ್ರ ಕಷ್ಟ."

"ಕಷ್ಟ ಅಂದ್ರೆ?"

"ಹಳೇ ಬ್ಯಾಟರಿ ಆದ್ರೆ ಸಿಡಿಯುತ್ತೆ. ತುಟಿಯಿಂದ ಒಂದು ಗೇಣು ದೂರದಲ್ಲಿ."

"ನಂದು ಹೊಸಾದು," ಎಂದ ವಿಲ್ಫ್ರೆಡೊ.

ಅವನ ಹೇಳಿಕೆ ಹೀಗಿತ್ತು. ಭಾನುವಾರ ಬೆಳಿಗ್ಗೆ ಆರೂವರೆಯ ಪೂಜೆಗೆ ಹೋದಾಗ ವಸ್ತುವನ್ನು ಟ್ರೈಸಿಕಲ್ಲಿನ ಮುಂದಿನ ಬುಟ್ಟಿಯಲ್ಲಿ ಬಿಟ್ಟಿದ್ದ. ಚರ್ಚಿನೊಳಗೆ ಅದನ್ನು ಒಯ್ದರೆ ಹೆಂಡತಿ ಬಿಡುವುದಿಲ್ಲ. ಏಳೂವರೆಗೆ ಬಂದು ನೋಡಿದರೆ ಇರಲಿಲ್ಲ. ಸೋಮವಾರ ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಊಟ ಮುಗಿಸಿ ಬಂದಾಗ ಅದೇ ಬುಟ್ಟಿಯಲ್ಲಿ, ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿಕೊಂಡು ಮಲಗಿತ್ತು.

"ಯಾರ ಮೇಲೆ ಅನುಮಾನ?"

"ಅರ್ನೆಲ್ ಮೇಲೆ. ಬರೋ ಭಾನುವಾರ ಹೊಗೆ ಪಂದ್ಯ, ಎಲ್ಲರಿಗಿಂತ ದೊಡ್ಡ ಹೊಗೆ ಬಿಟ್ಟೋನು ಗೆದ್ದ. ಹೋದ ವರ್ಷ ಗೆದ್ದೋನು ಅವನು, ಎರಡನೆಯೋನು ನಾನು. ಈ ಸಲ ನಾನು ನಾಲ್ಕೇ ಸುತ್ತಿನ ಸುರುಳಿ ಹಾಕಿದ್ದೆ ಮೇಡಂ. ಮೋಡ ಇಳಿದ ಹಾಗೆ ಬರ್ತಿತ್ತು. ಈಗ ನೋಡಿ, ಒಂಬತ್ತು ಸುತ್ತು. ಇದ್ರಲ್ಲಿ ಸೊಳ್ಳೆ ಓಡಿಸಬಹುದು, ಅಷ್ಟೇ."

ಮೂರು ಐವತ್ತಕ್ಕೆ ದೂರು ದಾಖಲಾಯಿತು. ಸ್ಟ್ಯಾಂಡಿನ ಇಬ್ಬರು ಚಾಲಕರನ್ನು ಪಂಚರಾಗಿ ಕರೆದು ಪಂಚನಾಮೆ ಬರೆಸಿದರು. ಹಿತ್ತಾಳೆ ಕೊಳವೆ ಒಂದು. ಉಕ್ಕಿನ ಡ್ರಿಪ್ಪರ್ ಒಂದು. ಒಂಬತ್ತು ಸುತ್ತಿನ ಸುರುಳಿ ಒಂದು. ಹತ್ತಿಯ ಬತ್ತಿ, ಒಂದು ತುದಿಯಲ್ಲಿ ಕಂದು ಕಲೆ. ಬ್ಯಾಟರಿ ಇಲ್ಲ.

ಲಿಯೊನೋರಾ ತಿಂದು ಉಳಿಸಿದ ಕಡಬಿನ ಮುಂದೆ ಮತ್ತೆ ಕೂತಳು. ಕದ್ದವನು ಬೆಲೆಬಾಳುವ ಕೊಳವೆಯನ್ನು ವಾಪಸು ಕೊಟ್ಟು, ಬ್ಯಾಟರಿಯನ್ನು ಇಟ್ಟುಕೊಂಡಿದ್ದ. ಜೊತೆಗೆ ಕೂತು ಒಂಬತ್ತು ಸುತ್ತು ಸುತ್ತುವ ಶ್ರಮವನ್ನೂ ತೆಗೆದುಕೊಂಡಿದ್ದ. ಇಂಥ ಕಳ್ಳನನ್ನು ಆಕೆ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಲಿಯೊನೋರಾ ಮತ್ತು ಬತಿನ್ ಅರ್ನೆಲ್ ಫೊರೊಂಡಾನ ಅಂಗಡಿಗೆ ಹೋದರು. ಗೋಡೆಯ ತುಂಬ ರಸದ ಬಾಟಲಿಗಳು. ಮೂವತ್ತರ ಆಸುಪಾಸಿನ ಅರ್ನೆಲ್ ಗಲ್ಲಾದ ಹಿಂದೆ ತಂತಿ ಹೊಸೆಯುತ್ತ ಕೂತಿದ್ದ.

"ಭಾನುವಾರ ಬೆಳಿಗ್ಗೆ ಎಲ್ಲಿದ್ದೆ?"

"ಪೂಜೆಯಲ್ಲಿ, ಹಾಡೋರ ಸಾಲಲ್ಲಿ. ಇಡೀ ಊರು ನೋಡಿದೆ. ನನ್ನ ದನಿ ಕೇಳಿಸ್ಕೊಂಡು ಬೇಜಾರೂ ಮಾಡ್ಕೊಂಡಿದೆ."

"ವಿಲ್ಫ್ರೆಡೊನ ಸುರುಳಿ ನೀನು ಬದಲಾಯಿಸಿದೆಯಾ?"

ಅರ್ನೆಲ್ ಭೂತಗನ್ನಡಿ ಹಿಡಿದು ಡ್ರಿಪ್ಪರಿನೊಳಗೆ ಬಗ್ಗಿದ. ಸುರುಳಿಯನ್ನು ಬಿಚ್ಚಿ ಹೊರಗೆ ತೆಗೆದು, ಬೆಳಕಿಗೆ ಹಿಡಿದು, ಅದರ ತೂತಿನಲ್ಲಿ ಕಣ್ಣಿಟ್ಟ. ಅವನ ಮುಖದ ಹುಡುಗಾಟ ಹೋಯಿತು.

"ನಾವೆಲ್ಲ ಸುತ್ತೋದು ಉಕ್ಕಿನ ಕಡ್ಡಿ ಮೇಲೆ ಮೇಡಂ. ಒಳಗೆ ಗುಂಡಗಿರುತ್ತೆ. ಇದು ನೋಡಿ, ಒಂದು ಮಗ್ಗುಲು ಚಪ್ಪಟೆ. ಕಡ್ಡಿ ಸರಿ ಇರಲಿಲ್ಲ. ಆದ್ರೆ ಕೈ ಇದೆಯಲ್ಲ, ಭಾರಿ ಪಳಗಿದ್ದು. ಸುತ್ತಿಗೂ ಸುತ್ತಿಗೂ ಮಧ್ಯೆ ಕೂದಲು ತೂರಲ್ಲ. ಬತ್ತಿ ತುದಿ ಓರೆಯಾಗಿ ಕತ್ತರಿಸಿದ್ದಾರೆ."

"ಈ ಊರಲ್ಲಿ ಹಾಗೆ ಕತ್ತರಿಸೋರು ಯಾರು?"

"ಈಗ ಯಾರೂ ಇಲ್ಲ."

"ಮುಂಚೆ?"

ಅರ್ನೆಲ್ ಸುರುಳಿಯನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟ. "ನನಗೆ ಕಲಿಸಿದೋರು. ಮಾನೊಂಗ್ ತಿಯೊಫಿಲೊ. ಎರಡು ವರ್ಷದ ಹಿಂದೆ ಒಂದೇ ದಿನಕ್ಕೆ ಎಲ್ಲಾ ಬಿಟ್ಟುಬಿಟ್ರು. ಯಾಕೆ ಅಂತ ಹೇಳಲಿಲ್ಲ."

ಲಿಯೊನೋರಾ ಬತ್ತಿಯನ್ನು ಎತ್ತಿಕೊಂಡಳು. ಕಂದು ಕಲೆ ಬೆರಳಿಗೆ ಅಂಟಿತು. ಮೂಸಿದಳು. ಹಸಿ ಹೊಗೆಸೊಪ್ಪಿನ ಅಂಟು. ಸೊಪ್ಪಿನ ಕೊಯ್ಲು ನಡೆಯುವ ಜನವರಿಯಿಂದ ಏಪ್ರಿಲ್‌ವರೆಗೆ ಆಕೆಯ ತಾಯಿಯ ಕೈಯಲ್ಲಿ ಸೋಪಿಗೂ ಬೂದಿಗೂ ಜಗ್ಗದೆ ಇರುತ್ತಿದ್ದ ವಾಸನೆ ಅದು. ಟ್ರೈಸಿಕಲ್ ಓಡಿಸುವವನ ಬೆರಳಲ್ಲಿ ಅದು ಇರುವುದಿಲ್ಲ. ಅಂಗಡಿಯವನ ಬೆರಳಲ್ಲೂ ಇರುವುದಿಲ್ಲ.

ಠಾಣೆಯ ಜೀಪು ಬ್ರೇಕ್ ಕೆಟ್ಟು ಗ್ಯಾರೇಜಿನಲ್ಲಿತ್ತು. ಮಧ್ಯಾಹ್ನ ಮೂರೂಮುಕ್ಕಾಲಿಗೆ ಇಬ್ಬರೂ ಸ್ಟ್ಯಾಂಡಿಗೆ ಹೋದಾಗ ಸರದಿಯಲ್ಲಿ ಮುಂದಿದ್ದದ್ದು ವಿಲ್ಫ್ರೆಡೊನ ಗಾಡಿಯೇ.

"ಎಲ್ಲಿಗೆ?"

"ತಿಯೊಫಿಲೊ ದುಮ್ಲಾವ್ ಮನೆಗೆ," ಎಂದಳು ಲಿಯೊನೋರಾ.

ವಿಲ್ಫ್ರೆಡೊ ಗಾಡಿ ಚಾಲೂ ಮಾಡಲಿಲ್ಲ. "ಅವನ ಮನೆಗೆ ಯಾಕೆ?"

"ನಿಮಗೂ ಅವರಿಗೂ ಏನು?"

"ನನ್ನ ಮಗಳಿಗೆ ಧರ್ಮತಂದೆ ಅವನು. ಒಬ್ಬರನ್ನೊಬ್ಬರು ಪಾರೆ, ಅಂದ್ರೆ ಗೆಳೆಯ, ಅಂತ ಕರ್ಕೊಂಡು ಇಪ್ಪತ್ತಾರು ವರ್ಷ ಒಂದೇ ತಟ್ಟೇಲಿ ಉಂಡಿದ್ದೀವಿ. ಈ ತಿಂಗಳ ಮೊದಲಲ್ಲಿ ಸ್ಟ್ಯಾಂಡಿಗೆ ಬಂದು, ಆ ಬ್ಯಾಟರಿ ಬಿಸಾಕು, ಪಂದ್ಯಕ್ಕೆ ಹೋಗಬೇಡ ಅಂದ. ಯಾಕೆ ಅಂದ್ರೆ ಬಾಯಿ ಬಿಡಲಿಲ್ಲ. ನಿನಗೆ ಹೊಟ್ಟೆಕಿಚ್ಚು ಅಂದೆ, ಎಲ್ಲರೆದುರಿಗೆ. ಆವತ್ತಿಂದ ಮಾತಿಲ್ಲ."

"ಆ ಬ್ಯಾಟರಿ ಎಲ್ಲಿ ಕೊಂಡಿದ್ರಿ?"

"ಕೊಂಡಿದ್ದಲ್ಲ. ಅವನೇ ಕೊಟ್ಟಿದ್ದು. ಮಗಳ ಮದುವೆ ದಿನ."

ಲಿಯೊನೋರಾ ಪಕ್ಕದ ಗಾಡಿ ಹತ್ತಿದಳು. ಬತಿನ್ ಹಿಂದಿನ ಸೀಟಿನಲ್ಲಿ ಕೂತ.

ನಾಲ್ಕು ಇಪ್ಪತ್ತು. ಮಾವಿನ ಮರದ ನೆರಳಿನಲ್ಲಿ ತಿಯೊಫಿಲೊನ ಮನೆಯವರು ಹಸಿ ಹೊಗೆಸೊಪ್ಪನ್ನು ಬಿದಿರು ಕಡ್ಡಿಗೆ ಪೋಣಿಸುತ್ತಿದ್ದರು. ತಿಯೊಫಿಲೊಗೆ ಐವತ್ನಾಲ್ಕು. ಪೊಲೀಸರನ್ನು ಕಂಡು ಹೆಂಗಸರು ಕೈ ನಿಲ್ಲಿಸಿದರು, ಅವನು ನಿಲ್ಲಿಸಲಿಲ್ಲ. ವಿಲ್ಫ್ರೆಡೊ ಬೇಲಿಯ ಆಚೆಯೇ ಗಾಡಿಯ ಮೇಲೆ ಕೂತಿದ್ದ.

ಲಿಯೊನೋರಾ ರಾಶಿಯಿಂದ ಒಂದು ಕಡ್ಡಿ ಎತ್ತಿಕೊಂಡಳು. ಬಿದಿರನ್ನು ಸೀಳಿ ಮಾಡಿದ್ದು. ಸೀಳಿದ ಕಡೆ ಚಪ್ಪಟೆ, ಉಳಿದ ಕಡೆ ದುಂಡು. ಸುರುಳಿಯನ್ನು ಅದರ ಸಪುರ ತುದಿಗೆ ಏರಿಸಿದಳು. ಬೆರಳಿಗೆ ಉಂಗುರ ಕೂತ ಹಾಗೆ ಕೂತಿತು.

"ಇದರ ಮೇಲೆ ಸುತ್ತಿದ್ರಾ, ಮಾನೊಂಗ್?"

"ಹೂಂ."

"ಉಕ್ಕಿನ ಕಡ್ಡಿ ಇರಲಿಲ್ವಾ?"

"ಎರಡು ವರ್ಷದ ಹಿಂದೆ ಬಾವಿಗೆ ಎಸೆದೆ."

"ಬ್ಯಾಟರಿ ಎಲ್ಲಿ?"

ಅವನು ಎದ್ದು ಅಡುಗೆಮನೆಯ ಹಿಂದೆ ಹೋಗಿ ಮರಳು ತುಂಬಿದ ಹಾಲಿನಪುಡಿ ಡಬ್ಬಿ ತಂದ. ಮರಳಿನೊಳಗಿಂದ ಬ್ಯಾಟರಿ ತೆಗೆದು, ಅದರ ನೀಲಿ ಹೊದಿಕೆಯನ್ನು ಉಗುರಿನಿಂದ ಸುಲಿದ. ಒಳಗೆ ತುಕ್ಕು ಹತ್ತಿದ, ಮಾಸಿದ ಹಳೇ ಬ್ಯಾಟರಿ.

"ಕೆಟ್ಟ ಲ್ಯಾಪ್‌ಟಾಪಿಂದ ತೆಗೆದದ್ದು. ಎರಡಿದ್ವು. ಹೊಸ ಹೊದಿಕೆ ಹಾಕಿ ಒಂದು ಅವನಿಗೆ ಕೊಟ್ಟೆ. ಹೊಸಾದು ಪಾರೆ ಅಂದೆ. ಅವನು ಖುಷಿಯಿಂದ ಎಲ್ಲರಿಗೂ ತೋರಿಸಿದ. ಆಮೇಲೆ ಹೇಗೆ ಹೇಳೋದು."

"ಇನ್ನೊಂದು?"

ತಿಯೊಫಿಲೊ ಎಡಗೈ ಚಾಚಿದ. ಎರಡು ಬೆರಳುಗಳ ಚರ್ಮ ಮೇಣದ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. "ಆಮೇಲೆ ನನ್ನ ಕೈಯಲ್ಲೇ ಸಿಡೀತು. ಎಲೆ ಬೇಯಿಸೋ ಗೂಡಿನ ಬೆಂಕಿ ತಗಲಿತು ಅಂತ ಊರಿಗೆಲ್ಲ ಹೇಳಿದ್ದೆ. ವಿಲ್ಫ್ರೆಡೊ ಆಗ ಜಾಸ್ತಿ ಸುತ್ತಿನ ಮೆತ್ತಗಿನ ಸುರುಳಿ ಸೇದ್ತಿದ್ದ, ಪರವಾಗಿಲ್ಲ ಅನ್ಕೊಂಡೆ. ಪಂದ್ಯಕ್ಕೆ ಅಂತ ನಾಲ್ಕು ಸುತ್ತಿಗೆ ಇಳಿದ ಅಂತ ಗೊತ್ತಾದಾಗಿಂದ ಊಟ ಸೇರಲಿಲ್ಲ ಮೇಡಂ."

ಬತಿನ್ ಬರೆಯುವುದನ್ನು ನಿಲ್ಲಿಸಿ ಕೇಳಿದ. "ಬ್ಯಾಟರಿ ಮಾತ್ರ ಎತ್ಕೊಂಡಿದ್ರೆ ಸಾಕಿತ್ತಲ್ಲ ಮಾನೊಂಗ್? ಸುರುಳಿ ಮುಟ್ಟದೇ ಇದ್ದಿದ್ರೆ ನಿಮ್ಮನ್ನ ಯಾರೂ ಹಿಡೀತಿರಲಿಲ್ಲ."

ತಿಯೊಫಿಲೊ ಮೊದಲ ಸಲ ತುಸು ನಕ್ಕ. "ಅವನು ಸುತ್ತಿದ್ದನ್ನ ನೀವು ನೋಡಿದ್ರಾ? ಒಂದು ಸುತ್ತು ಆಕಾಶಕ್ಕೆ, ಒಂದು ಪಾತಾಳಕ್ಕೆ. ಅದನ್ನ ನೋಡಿ ಹಾಗೇ ಮುಚ್ಚಿಡೋಕೆ ನನ್ನ ಕೈ ಒಪ್ಪಲಿಲ್ಲ."

"ನನ್ನ ಸುರುಳಿಗೇನಾಗಿತ್ತೋ?" ಬೇಲಿಯ ಆಚೆಯಿಂದ ದನಿ ಬಂತು.

"ಕೋಳಿ ಕೆದಕಿದ ಹಾಗಿತ್ತು," ಎಂದ ತಿಯೊಫಿಲೊ, ಆ ಕಡೆ ತಿರುಗದೆ.

ಹೆಂಗಸರು ಮತ್ತೆ ಎಲೆ ಪೋಣಿಸತೊಡಗಿದರು.

ನಾಲ್ಕು ಐವತ್ತೈದಕ್ಕೆ ತಿಯೊಫಿಲೊ ದುಮ್ಲಾವ್‌ನನ್ನು ಬಂಧಿಸಲಾಯಿತು. ಬ್ಯಾಟರಿಯನ್ನು ಮರಳಿನ ಡಬ್ಬಿಯ ಸಮೇತ ವಶಕ್ಕೆ ಪಡೆಯಲಾಯಿತು. ಠಾಣೆಗೆ ಹೋಗಲು ಬೇರೆ ವಾಹನ ಇರಲಿಲ್ಲ. ವಿಲ್ಫ್ರೆಡೊ ಆರೋಪಿಯ ಕೈಯನ್ನೇ ನೋಡಿದ, ಎರಡು ಬೆರಳುಗಳನ್ನು. ಆಮೇಲೆ ಪಕ್ಕದ ಗಾಡಿಯ ಸೀಟನ್ನು ಅಂಗೈಯಿಂದ ಒರೆಸಿದ.

"ಹತ್ತು, ಪಾರೆ. ತಲೆ ಬಗ್ಗಿಸು, ಮೇಲಿನ ಕಂಬಿ ಹೊಡೀತದೆ."

"ನಿನ್ನ ಗಾಡಿ ಕಂಬಿ ನನಗೆ ಗೊತ್ತಿಲ್ವಾ."

ದಾರಿಯಲ್ಲಿ ಗುಂಡಿ ಬಂದ ಕಡೆಯೆಲ್ಲ ವಿಲ್ಫ್ರೆಡೊ ಬಹಳ ನಿಧಾನ ಮಾಡಿದ್ದನ್ನು ಲಿಯೊನೋರಾ ಗಮನಿಸಿದಳು.

ಠಾಣೆಯಲ್ಲಿ ವಿಲ್ಫ್ರೆಡೊ ದೂರಿನ ಹಾಳೆ ಹರಿದುಹಾಕಿ ಎಂದ. ಹಾಗೆ ಹರಿಯಲು ಬರುವುದಿಲ್ಲ ಎಂದಳು ಲಿಯೊನೋರಾ. ಕೊನೆಗೆ ಅವನೇ ಜಾಮೀನಿಗೆ ಸಹಿ ಹಾಕಿದ. ಬುಧವಾರ ಬೆಳಿಗ್ಗೆ ಊರ ಮುಖ್ಯಸ್ಥರ ಮುಂದೆ ರಾಜಿ ಪತ್ರವಾಯಿತು. ತಿಯೊಫಿಲೊ ಎಲ್ಲರೆದುರಿಗೆ ಗೂಡಿನ ಬೆಂಕಿಯ ಸುಳ್ಳನ್ನು ಹಿಂತೆಗೆದುಕೊಂಡ. ವಿಲ್ಫ್ರೆಡೊ ಹೊಟ್ಟೆಕಿಚ್ಚಿನ ಮಾತನ್ನು ಹಿಂತೆಗೆದುಕೊಂಡ. ಕಡತದಲ್ಲಿ ಕೃತ್ಯದ ಕಾರಣ ಎಂಬಲ್ಲಿ ಲಿಯೊನೋರಾ ಬರೆದಳು: ತಾನು ಕೊಟ್ಟ ಬ್ಯಾಟರಿಯಿಂದ ಗೆಳೆಯನ ಮುಖ ಸುಟ್ಟೀತೆಂಬ ಹೆದರಿಕೆ, ಅದನ್ನು ಹೇಳಲು ನಾಚಿಕೆ.

ಗುರುವಾರ ವಸ್ತುಗಳನ್ನು ವಾಪಸು ಕೊಟ್ಟರು, ಬ್ಯಾಟರಿಯೊಂದನ್ನು ಬಿಟ್ಟು. ಅರ್ನೆಲ್ ಹೊಸ ಬ್ಯಾಟರಿ ಕೊಟ್ಟು, ಉಕ್ಕಿನ ಕಡ್ಡಿಯಲ್ಲಿ ಒಳ್ಳೇ ಸುರುಳಿ ಸುತ್ತಿಕೊಡುತ್ತೇನೆ ಎಂದ.

"ಬೇಡ," ಎಂದ ವಿಲ್ಫ್ರೆಡೊ. "ಚಪ್ಪಟೆದೇ ಇರಲಿ."

ಭಾನುವಾರದ ಪಂದ್ಯದಲ್ಲಿ ಹನ್ನೊಂದು ಜನರಲ್ಲಿ ಅವನು ಹನ್ನೊಂದನೆಯವನಾದ. ಗೆದ್ದವರ ಹೊಗೆ ಇನ್ನೂ ಸಭಾಂಗಣದಿಂದ ಹೊರಗೆ ಹೋಗಿರಲಿಲ್ಲ. ಹಿಂದಿನ ಬೆಂಚಿನಲ್ಲಿ ತಿಯೊಫಿಲೊ ಡ್ರಿಪ್ಪರಿನ ಟೋಪಿ ಬಿಚ್ಚಿ, ಸುಟ್ಟ ಬೆರಳುಗಳಲ್ಲಿ ಬಾಟಲಿ ಹಿಡಿದು ಬತ್ತಿಗೆ ರಸ ಬಿಡುತ್ತಿದ್ದ. ಒಂದು ತೊಟ್ಟು, ಇನ್ನೊಂದು ತೊಟ್ಟು. ಟೋಪಿ ಮುಚ್ಚಿ ತಾನೇ ಮೊದಲು ಒಂದು ದಮ್ಮು ಎಳೆದ, ಎರಡು ವರ್ಷದ ಮೇಲೆ.

"ಹೆಂಗಿದೆ?" ಎಂದ ವಿಲ್ಫ್ರೆಡೊ.

"ರುಚಿ ಇದೆ," ಎಂದು ಅವನು ಕೊಳವೆಯನ್ನು ಗೆಳೆಯನ ಕೈಗಿತ್ತ.