ಅಂಕೋಲೆಯಲ್ಲಿ ಹೊಗೆ ಇಲ್ಲ

"ಮೂಸಿ ನೋಡು ಖುರ್ಷಿದ್! ಚಿಮಣಿ ಎಣ್ಣೆ ವಾಸನೆ ಬರ್ತದೋ ಇಲ್ವೋ?"

ಪೆಟ್ರೋಲ್ ಹನಿಸಿದ ಚಿಂದಿಬಟ್ಟೆಯನ್ನು ಅಬ್ಬಾ ಅವಳ ಮೂಗಿಗೇ ಹಿಡಿದರು. ಖುರ್ಷಿದ್‌ಗೆ ಬಂದದ್ದು ಬರೀ ಪೆಟ್ರೋಲಿನ ವಾಸನೆ. ಆದರೆ ಅಬ್ಬಾನ ಕೆಂಪು ಮುಖ ನೋಡಿ, "ಬರ್ತದೆ ಅಬ್ಬಾ" ಎಂದುಬಿಟ್ಟಳು.

ಅಬ್ಬಾ, ಅಂದರೆ ಯಲ್ಲಾಪುರದ ಬಟ್ಟೆ ವ್ಯಾಪಾರಿ ದಾದಾಸಾಬ, ಹೋದ ವಾರವಷ್ಟೇ ಘಟ್ಟದ ಕೆಳಗಿನ ಅಂಕೋಲೆಯಿಂದ ಹಳೇ ಮೋಟಾರ್ ಸೈಕಲ್ ತಂದಿದ್ದರು. ಬಟ್ಟೆಗಂಟು ಕಟ್ಟಿಕೊಂಡು ಮಂಚಿಕೇರಿ, ವಜ್ರಳ್ಳಿ ಸುತ್ತುವ ಆಸೆ ಅವರಿಗೆ. ಗಾಡಿಗೆ ಮಾತ್ರ ಆ ಆಸೆ ಇರಲಿಲ್ಲ. ಬೆಳಗಿನ ತಂಪಿಗೆ ಹೇಗೋ ಓಡುತ್ತಿತ್ತು. ಬಿಸಿಲೇರಿದರೆ ಫಟ್ ಫಟ್ ಎಂದು ಕೆಮ್ಮಿ, ಕರಿಹೊಗೆ ಬಿಟ್ಟು ನಿಲ್ಲುತ್ತಿತ್ತು.

ಪೆಟ್ರೋಲ್ ತಂದದ್ದು ವೀರಪ್ಪನವರ ಅಂಗಡಿಯಿಂದ. ಅದೇ ಅಂಗಡಿಯಲ್ಲಿ ದೀಪ ಉರಿಸುವ ಅಗ್ಗದ ಚಿಮಣಿ ಎಣ್ಣೆಯೂ ಸಿಗುತ್ತಿತ್ತು. ಸಂಶಯಕ್ಕೆ ಇನ್ನೇನು ಬೇಕು?

"ವೀರಪ್ಪಣ್ಣ, ಪೆಟ್ರೋಲಿಗೆ ಏನಾದ್ರೂ ಬೆರೆಸ್ತೀರಾ?" ಎಂದು ಅಬ್ಬಾ ಕೇಳಿಯೇಬಿಟ್ಟರು.

ವೀರಪ್ಪ ಗಾಬರಿಯಿಂದ ಕೈ ಒರೆಸಿಕೊಂಡರು. "ಇದೇನ್ ಮಾತ್ರೀ ಸಾಹೇಬ್ರ? ನಾ ಅಂಥಾವ ಅಲ್ರೀ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ!" ಎಂದು ಅಬ್ಬಾ ದಾರಿಯುದ್ದಕ್ಕೂ ಗೊಣಗಿದರು.

ವೀರಪ್ಪನವರ ಮಗಳು ಕಲ್ಲವ್ವ ಶಾಲೆಯಲ್ಲಿ ಖುರ್ಷಿದ್ ಪಕ್ಕದಲ್ಲೇ ಕೂರುವವಳು. ಕಾಗೆ ಎಂಜಲು ಮಾಡಿ ಪೇರಳೆಹಣ್ಣು ಹಂಚಿಕೊಳ್ಳುವಷ್ಟು ಗೆಳೆತನ. ಆದರೆ ಈಗ ಅವಳ ಹೊಸ ರಿಬ್ಬನ್ ಕಂಡರೂ ಸಂಶಯ. ಇದು ಯಾರ ದುಡ್ಡಿನದೋ!

ಖುರ್ಷಿದ್‌ಳ ಹೊಟ್ಟೆಯೊಳಗೆ ಮಾತು ನಿಲ್ಲಲಿಲ್ಲ. "ಯಾರಿಗೂ ಹೇಳ್ಬೇಡ ಹಾಂ" ಎಂದು ಸಹಪಾಠಿ ಮಂಜಿಯ ಕಿವಿಯಲ್ಲಿ ಉಸುರಿದಳು. "ಇವಳಪ್ಪ ಪೆಟ್ರೋಲಿಗೆ ಚಿಮಣಿ ಎಣ್ಣೆ ಬೆರೆಸ್ತಾರೆ. ನಾನೇ ಮೂಸಿದ್ದೇನೆ."

ಯಾರಿಗೂ ಹೇಳಬೇಡ ಎಂದ ಮೇಲೆ ಕೇಳಬೇಕೇ? ಮಧ್ಯಾಹ್ನದೊಳಗೆ ಇಡೀ ಕ್ಲಾಸು ಮೂಗು ಮುಚ್ಚಿಕೊಂಡು, "ಚಿಮಣಿ ಎಣ್ಣೆ ಬಂತು!" ಎಂದು ಕಲ್ಲವ್ವನನ್ನು ಕಾಡತೊಡಗಿತು. ಕಲ್ಲವ್ವ ಖುರ್ಷಿದ್ ಕಡೆ ನೋಡಿದಳು. ಖುರ್ಷಿದ್ ಪಾಟಿ ನೋಡುತ್ತ ಕೂತಳು. ಕಲ್ಲವ್ವ ಚೀಲ ಎತ್ತಿಕೊಂಡು ಕೊನೇ ಬೆಂಚಿಗೆ ಹೋದಳು.

ಭಾನುವಾರ ಅಬ್ಬಾ ಖುರ್ಷಿದ್‌ಳನ್ನು ಹಿಂದೆ ಕೂರಿಸಿಕೊಂಡು ಗಾಡಿಯನ್ನು ಅಂಕೋಲೆಯ ಮೆಕ್ಯಾನಿಕ್ ವೆಂಕಟ್ರಮಣನ ಬಳಿ ಒಯ್ದರು. ಅರಬೈಲ್ ಘಟ್ಟ ಇಳಿದು ಸಪಾಟು ರಸ್ತೆಗೆ ಬರುವಾಗ ಬಿಸಿಲು ನೆತ್ತಿಗೇರಿತ್ತು. ಗಾಡಿ ಇನ್ನೇನು ಕೆಮ್ಮುತ್ತದೆ ಎಂದು ಖುರ್ಷಿದ್ ಕಾದಳು. ಕೆಮ್ಮಲಿಲ್ಲ. ತಿರುಗಿ ನೋಡಿದಳು.

"ಅಬ್ಬಾ, ಹೊಗೆ ಇಲ್ಲ! ಟಾಂಕಿಯಲ್ಲಿ ಯಾವ ಪೆಟ್ರೋಲು?"

"ವೀರಪ್ಪಂದೇ." ಅಬ್ಬಾನ ದನಿ ಇಳಿದಿತ್ತು.

ವೆಂಕಟ್ರಮಣ ಪೆಟ್ರೋಲು, ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ, ನಡುವೆ ಸಣ್ಣ ತೂತಿದ್ದ ಹಿತ್ತಾಳೆಯ ತುಂಡೊಂದನ್ನು ಹೊರತೆಗೆದ. "ಇದು ಜೆಟ್ಟು. ಪೆಟ್ರೋಲ್ ಇದರಿಂದ ಬರ್ತದೆ. ಘಟ್ಟದ ಮೇಲೆ ಗಾಳಿ ತೆಳು, ಬಿಸಿಲಿಗೆ ಇನ್ನೂ ತೆಳು. ಪೆಟ್ರೋಲ್ ಮಾತ್ರ ಇಲ್ಲಿಯಷ್ಟೇ ಬಂದ್ರೆ ಹೊಗೆ ಬಾರದೆ ಎಂತ ಮಾಡ್ತದೆ? ಇದಕ್ಕಿಂತ ಸಣ್ಣ ತೂತಿಂದು ಹಾಕುವ."

ಸಂಜೆ ಗಾಡಿ ಕೆಮ್ಮದೆ ಘಟ್ಟ ಹತ್ತಿತು. ಅಬ್ಬಾ ಸೀದಾ ವೀರಪ್ಪನವರ ಅಂಗಡಿಗೆ ಹೋಗಿ, "ತಪ್ಪು ನಂದೇ" ಎಂದರು.

"ಆತು ಬಿಡ್ರೀ ಸಾಹೇಬ್ರ. ಚಾ ಕುಡೀರಿ." ವೀರಪ್ಪ ನಕ್ಕರು. ದೊಡ್ಡವರ ಜಗಳ ಚಹಾದಲ್ಲೇ ಮುಗಿಯಿತು. ಒಳಗಿದ್ದ ಕಲ್ಲವ್ವ ಮಾತ್ರ ಹೊರಗೆ ಬರಲಿಲ್ಲ.

ಮರುದಿನ ಕ್ಲಾಸಿನಲ್ಲಿ ಮತ್ತೆ ಎಲ್ಲರ ಕೈ ಮೂಗಿಗೆ ಹೋಯಿತು. ಖುರ್ಷಿದ್ ಎದ್ದು ನಿಂತಳು.

"ನಾನು ಸುಳ್ಳು ಹೇಳಿದ್ದೆ. ಚಿಮಣಿ ಎಣ್ಣೆ ವಾಸನೆ ಬಂದೇ ಇರ್ಲಿಲ್ಲ."

ಮಂಜಿ ಕಣ್ಣು ಕಿರಿದು ಮಾಡಿದಳು. "ಹಾಗಾದ್ರೆ ಈಗ್ಯಾಕೆ ಹೇಳ್ತೀ? ಇವಳಪ್ಪ ನಿಂಗೆ ಏನು ಕೊಟ್ರು?"

ಎಲ್ಲರೂ ಖುರ್ಷಿದ್‌ಳನ್ನೇ ದಿಟ್ಟಿಸಿದರು. ಏನೂ ಕೊಟ್ಟಿಲ್ಲ ಎಂದರೆ ಯಾರು ನಂಬುತ್ತಾರೆ? ಕಲ್ಲವ್ವನನ್ನೂ ಇಷ್ಟು ದಿನ ಎಲ್ಲರೂ ಹೀಗೇ ನೋಡುತ್ತಿದ್ದರು.

ಖುರ್ಷಿದ್ ಪಾಟಿ ಎತ್ತಿಕೊಂಡು ಕೊನೇ ಬೆಂಚಿಗೆ ನಡೆದಳು. ಕಲ್ಲವ್ವ ಸರಿದು ಜಾಗ ಕೊಡಲಿಲ್ಲ. ಖುರ್ಷಿದ್ ತುದಿಯಲ್ಲಿ ಉಳಿದಷ್ಟು ಜಾಗದಲ್ಲೇ ಕೂತಳು.